ನೆಲವನ್ನು ಹಿಡಿಯುವ ತಿರುಪು

ಗೃಹಕೃತ್ಯದಲ್ಲಿ ಬಳಕೆಗೆ ಬರುವ ಸಾಧನಗಳಲ್ಲಿ ಗೂಟದಷ್ಟು ಅಲ್ಪವಾದುದು ಇನ್ನೊಂದಿಲ್ಲವೆಂದು ಮೊದಲ ನೋಟಕ್ಕೆ ತೋರುವುದು. ಹಸುವನ್ನು ಕಟ್ಟುವುದಕ್ಕೆ ಗೂಟ, ಚಪ್ಪರದ ಹಗ್ಗವನ್ನು ಬಿಗಿಯುವುದಕ್ಕೆ ಗೂಟ, ಬಟ್ಟೆ ಹರವುವ ತಂತಿಯ ಕಂಬ ವಾಲದಂತೆ ಹಿಡಿಯುವುದಕ್ಕೆ ಗೂಟ. ಅದು ತನ್ನ ಕೆಲಸವನ್ನು ಮಾಡುತ್ತಿರುವವರೆಗೆ ಯಾರೂ ಅದರ ಕಡೆಗೆ ನೋಡುವುದಿಲ್ಲ. ಕಿತ್ತುಬಂದ ದಿನ ಮಾತ್ರ ಮನೆಮಂದಿಯೆಲ್ಲ ಅದರ ವಿಷಯವನ್ನೇ ಮಾತನಾಡುವರು. ನಮ್ಮ ಪೂರ್ವಿಕರು ಅದನ್ನು ಅಲ್ಪವೆಂದು ಎಣಿಸಿದಂತೆ ಕಾಣುವುದಿಲ್ಲ. ಸಂಸ್ಕೃತದಲ್ಲಿ ಅದಕ್ಕೆ ಶಂಕು, ಕೀಲ ಎಂಬ ಹೆಸರುಗಳುಂಟು. ಕಣದ ನಡುವೆ ನೆಟ್ಟು ದನಗಳನ್ನು ಕಟ್ಟುವ ಮರಕ್ಕೆ ಅಮರಸಿಂಹನು ತನ್ನ ಕೋಶದಲ್ಲಿ ಮೇಧಿ ಎಂದು ಬೇರೆಯೇ ಹೆಸರನ್ನು ಹೇಳಿರುವನು. ನಮ್ಮ ರೈತರ ಮೇಟಿಯು ಅದೇ.

ಪಂಚತಂತ್ರದಲ್ಲಿ ಕೀಲನ್ನು ಕಿತ್ತ ಕಪಿಯ ಕಥೆಯೊಂದಿದೆ. ಬಡಗಿಗಳು ಅರ್ಧ ಸೀಳಿದ ತೊಲೆಯ ಬಿರುಕಿನಲ್ಲಿ ಕೀಲನ್ನು ಹೊಡೆದು ಊಟಕ್ಕೆ ಹೋಗಿದ್ದಾಗ, ಕಪಿಯೊಂದು ಆ ತೊಲೆಯ ಮೇಲೆ ಕುಳಿತು ಕೀಲನ್ನು ಎಳೆದು ಪ್ರಾಣವನ್ನು ಕಳೆದುಕೊಂಡಿತು. ತನಗೆ ಸಂಬಂಧಿಸದ ಕೆಲಸದಲ್ಲಿ ಕೈ ಹಾಕಬಾರದೆಂಬುದು ಕಥೆಗಾರನ ಉಪದೇಶ. ಮಕ್ಕಳಿಗೆ ಅದನ್ನು ಬಹು ವರ್ಷ ಪಾಠ ಹೇಳಿದ ನಮಗೆ ಅದರಲ್ಲಿ ಇನ್ನೊಂದು ವಿಷಯವೂ ತೋರುತ್ತ ಬಂದಿದೆ. ಬಡಗಿಯು ಬಲವಾಗಿ ಹೊಡೆದಿದ್ದ ಕೀಲು ಒಂದು ಕಪಿಯ ಕೈಗೆ ಹೇಗೆ ಕಿತ್ತುಬಂದಿತು? ಯಾವ ದಾರಿಯಲ್ಲಿ ಒಳಗೆ ಹೋಯಿತೋ ಅದೇ ದಾರಿಯಲ್ಲಿ ಹಿಂದಕ್ಕೆ ಬರುವುದಕ್ಕೆ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ, ಆದುದರಿಂದ ಬಂದಿತು. ನೆಲಕ್ಕೆ ನೆಟ್ಟಗೆ ಹೊಡೆದ ಗೂಟದ ಸ್ಥಿತಿಯೂ ಇದೇ.

ಗೂಟದಿಂದ ನಾವು ಅಪೇಕ್ಷಿಸುವ ಗುಣಗಳು ಎರಡು. ಅವು ಒಂದಕ್ಕೊಂದು ವಿರುದ್ಧವಾದವು. ಹಗ್ಗವು ಎಳೆದಾಗ ಅದು ಬಿಡಬಾರದು. ನಾವು ಬಯಸಿದಾಗ ಬಿಡಬೇಕು. ಮೊದಲನೆಯ ಗುಣವೊಂದೇ ಸಾಕಾಗಿದ್ದರೆ ಕಷ್ಟವಿಲ್ಲ. ಮೂರಡಿ ಗುಂಡಿಯನ್ನು ತೋಡಿ, ಮರದ ತುಂಡೊಂದನ್ನು ಅಡ್ಡಲಾಗಿ ಮಲಗಿಸಿ, ಅದಕ್ಕೆ ಹಗ್ಗವನ್ನು ಕಟ್ಟಿ ಮೇಲೆ ಮಣ್ಣನ್ನು ದಮ್ಮಸ್ಸು ಮಾಡಿದರೆ ಆನೆಯೂ ಅದನ್ನು ಸುಲಭವಾಗಿ ಎಳೆಯಲಾರದು; ಆದರೆ ಮದುವೆ ಮುಗಿದ ಮೇಲೆ ಅದನ್ನು ತೆಗೆಯಬೇಕಾದರೆ ಪುನಃ ಗುಂಡಿಯನ್ನೇ ತೋಡಬೇಕು. ಎರಡನೆಯ ಗುಣವೊಂದೇ ಸಾಕೆಂದರೆ ಸಾಮಾನ್ಯ ಗೂಟವೇ ಇದೆ. ಅದನ್ನು ತೆಗೆಯುವ ಶ್ರಮವನ್ನು ಅನೇಕ ವೇಳೆ ಗಾಳಿಯೇ ವಹಿಸಿಕೊಳ್ಳುವುದು. ಈಗ ಕೆಲವು ದೇಶಗಳಲ್ಲಿ ಮಾಡುವ ಇನ್ನೊಂದು ಬಗೆಯೂ ಉಂಟು: ಚೂಪಾದ ಲೋಹದ ತುಂಡನ್ನು ನೇರವಾಗಿ ಹೊಡೆದು, ಅದಕ್ಕೆ ಕಟ್ಟಿದ ತಂತಿಯನ್ನು ಎಳೆದರೆ ಅದು ಒಳಗೇ ಅಡ್ಡಲಾಗಿ ತಿರುಗಿ ನಿಲ್ಲುವುದು. ಹಿಡಿತ ಬಹಳ ಚೆನ್ನಾಗಿದೆ. ಆದರೆ ಹೋದ ತುಂಡು ಭೂಮಿಗೆ ದಾನವೆಂದೇ ತಿಳಿಯಬೇಕು.

ಹಾಗಾದರೆ ಎರಡು ಗುಣಗಳನ್ನೂ ಒಂದೇ ವಸ್ತುವಿನಲ್ಲಿ ಕೂಡಿಸುವ ಉಪಾಯವೇನು? ಹಿಡಿಯುವುದಕ್ಕೆ ಒಂದು ಚಲನೆ, ಬಿಡುವುದಕ್ಕೆ ಬೇರೊಂದು ಚಲನೆ ಇರಬೇಕು. ಹಗ್ಗವು ನೇರವಾಗಿ ಎಳೆಯುವುದು. ಗಾಳಿಯೂ ದನವೂ ಸಮುದ್ರದ ಅಲೆಯೂ ಎಳೆಯಬಲ್ಲವೇ ಹೊರತು ಹಾರೆಯನ್ನು ತೂರಿಸಿ ಸುತ್ತಲಾರವು. ಸುತ್ತುವ ಶಕ್ತಿ ಮನುಷ್ಯನದು. ಆದುದರಿಂದ ಎಳೆದರೆ ಬಾರದೆ, ತಿರುಗಿಸಿದರೆ ಮಾತ್ರ ಬರುವ ಗೂಟವೊಂದು ಬೇಕು. ತಿರುಪುಮೊಳೆಯ ಗುಣವು ಇದೇ ಎಂಬುದನ್ನು ಬಡಗಿಗಳು ಎಂದೋ ಬಲ್ಲರು. ಆ ತಿರುಪನ್ನು ಮರದಿಂದ ಮಣ್ಣಿಗೆ ತಂದು, ಮಣ್ಣಿಗೆ ತಕ್ಕಂತೆ ಅದರ ಆಕಾರವನ್ನು ಬದಲಿಸಿ, ಅದರ ಮೇಲೆ ದೀಪಸ್ತಂಭಗಳನ್ನೇ ನಿಲ್ಲಿಸಿದವನು ಕಣ್ಣಿಲ್ಲದ ಒಬ್ಬ ಇಟ್ಟಿಗೆ ವ್ಯಾಪಾರಿ. ಆತನ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆವು.

ಅಲೆಕ್ಸಾಂಡರ್ ಮಿಚೆಲ್ ಎಂಬುವನು 1780ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹುಟ್ಟಿದನು. ಬಾಲ್ಯದಿಂದಲೂ ಆತನ ದೃಷ್ಟಿ ಮಂದವಾಗಿದ್ದಿತು. 16ನೆಯ ವಯಸ್ಸಿನಲ್ಲಿ ಪುಸ್ತಕವನ್ನು ಓದುವುದು ನಿಂತುಹೋಯಿತು. 22ನೆಯ ವಯಸ್ಸಿನ ವೇಳೆಗೆ ಪೂರ್ತಿಯಾಗಿ ಅಂಧನಾದನು. ಆದರೂ ಬೆಲ್‌ಫಾಸ್ಟಿನಲ್ಲಿ ಇಟ್ಟಿಗೆ ಸುಡುವ ಮತ್ತು ಮನೆಗಳನ್ನು ಕಟ್ಟುವ ಉದ್ಯಮವನ್ನು ಕೈಗೊಂಡು, ತನ್ನ ಕೆಲಸಕ್ಕೆ ಬೇಕಾದ ಕೆಲವು ಯಂತ್ರಗಳನ್ನು ತಾನೇ ಕಲ್ಪಿಸಿ, 1832ರವರೆಗೆ ಅದನ್ನು ಯಶಸ್ವಿಯಾಗಿ ನಡೆಸಿದನು. ಐವತ್ತು ದಾಟಿದವರು ಸಾಮಾನ್ಯವಾಗಿ ವಿಶ್ರಾಂತಿಯನ್ನು ಬಯಸುವರು. ಮಿಚೆಲನಾದರೋ ತನ್ನ 53ನೆಯ ವರ್ಷದಲ್ಲಿ, ಎಂದರೆ 1833ರಲ್ಲಿ, ನೆಲದೊಳಕ್ಕೆ ತಿರುಗಿಸಿ ಇಳಿಸುವ ಕಬ್ಬಿಣದ ತಿರುಪಿಗೆ ಪೇಟೆಂಟನ್ನು ಪಡೆದನು.

ಆತನ ಮೊದಲ ಚಿಂತೆ ಹಡಗುಗಳನ್ನು ಕುರಿತದ್ದು. ಬಂದರಿನಲ್ಲಿ ಹಡಗನ್ನು ಬಹುಕಾಲ ನಿಲ್ಲಿಸಬೇಕಾದರೆ ಸಮುದ್ರದ ತಳದಲ್ಲಿ ಸ್ಥಿರವಾದ ಹಿಡಿತವೊಂದಿರಬೇಕು. ಅದಕ್ಕಾಗಿ ಹಿಂದೆ ಭಾರವಾದ ಕಲ್ಲುಗಳನ್ನೋ ದೊಡ್ಡ ಲಂಗರುಗಳನ್ನೋ ಮುಳುಗಿಸುತ್ತಿದ್ದರು. ಕಲ್ಲಿಗೆ ತನ್ನ ಭಾರವೇ ಬಲ. ಆ ಭಾರವೂ ನೀರಿನಲ್ಲಿ ಕಡಮೆಯಾಗುವುದು. ಲಂಗರಿನ ಒಂದು ಕೊಕ್ಕೆ ಮಣ್ಣಿನಲ್ಲಿ ಹೂತರೆ ಇನ್ನೊಂದು ಮೇಲಕ್ಕೆ ಚಾಚಿಕೊಂಡಿರುವುದು. ನೀರು ಇಳಿದಾಗ ಹಡಗು ಅದರ ಮೇಲೆ ಕುಳಿತರೆ ತಳವು ಒಡೆಯುವ ಭಯ. ಮಿಚೆಲನ ಯೋಚನೆ ಬೇರೆ. ಭಾರವಾದ ವಸ್ತುವನ್ನು ತಂದು ಹಾಕುವುದೇಕೆ? ಭಾರವು ಅಲ್ಲಿಯೇ ಇದೆ. ಸಮುದ್ರದ ತಳದ ಮಣ್ಣೇ ಭಾರ. ಅಗಲವಾದ ಅಲಗೊಂದನ್ನು ಆ ಮಣ್ಣಿನ ಕೆಳಗೆ ಸೇರಿಸಿದರೆ ಮೇಲಿರುವ ಮಣ್ಣೆಲ್ಲವೂ ಕಲ್ಲಿನ ಕೆಲಸವನ್ನು ಮಾಡುವುದು. ಸೇರಿಸುವುದು ಹೇಗೆ? ಮಣ್ಣನ್ನು ಅಗೆದರೆ ಅದರ ಗಟ್ಟಿತನವು ಹಾಳಾಗುವುದು. ಬಡಗಿಯ ಬೈರಿಗೆಯಂತೆ ಸುತ್ತುತ್ತ ಸೀಳಿಕೊಂಡು ಹೋದರೆ ಅಲಗಿನ ದಪ್ಪದಷ್ಟು ಬಿರುಕನ್ನು ಮಾತ್ರ ಬಿಟ್ಟು ಉಳಿದ ಮಣ್ಣು ಇದ್ದಂತೆಯೇ ಇರುವುದು. ಆತನು ಮಗನೊಡನೆ ದೋಣಿಯಲ್ಲಿ ಹೋಗಿ ಬೆಲ್‌ಫಾಸ್ಟಿನ ಕೊಲ್ಲಿಯ ಮರಳುದಿಬ್ಬದಲ್ಲಿ ಚಿಕ್ಕ ತಿರುಪೊಂದನ್ನು ಇಳಿಸಿ ಪರೀಕ್ಷಿಸಿದನೆಂದು ಹೇಳುವರು.

ಮರದ ತಿರುಪುಮೊಳೆಗೂ ಮಿಚೆಲನ ತಿರುಪಿಗೂ ಆಕಾರದಲ್ಲಿ ಬಹಳ ಭೇದವಿದೆ. ವಾಚಕರು ಇದನ್ನು ಗಮನಿಸಬೇಕು. ತಿರುಪುಮೊಳೆಗೆ ಕಡಮೆ ಅಗಲದ ಅನೇಕ ಸುತ್ತುಗಳಿರುವುವು. ಏಕೆಂದರೆ ಮರವು ಗಟ್ಟಿ. ಮಣ್ಣು ಸಡಿಲವಾದುದರಿಂದ ಅಂತಹ ಸುತ್ತುಗಳು ಅದರಲ್ಲಿ ಕವಳದ ಪುಡಿಯಲ್ಲಿ ಬೆರಳಾಡಿಸಿದಂತೆ ಬಂದುಬಿಡುವುವು. ಆದುದರಿಂದ ಮಿಚೆಲನು ತೆಳುವಾದ ದಂಡದ ತುದಿಯಲ್ಲಿ ಬಹು ಅಗಲವಾದ ಒಂದೇ ಅಲಗನ್ನು, ಒಂದು ಸುತ್ತಿಗಿಂತ ಸ್ವಲ್ಪವೇ ಹೆಚ್ಚಾಗಿ, ಇಟ್ಟನು. ಮೊಳೆಯು ತನ್ನ ಉದ್ದಕ್ಕೂ ಹಿಡಿಯುವುದು. ಈ ಗೂಟವಾದರೋ ತುದಿಯಲ್ಲಿ ಹಿಡಿಯುವುದು.

ಗೂಟವು ಎಳೆತವನ್ನು ತಡೆಯುವಂತೆಯೇ ಭಾರವನ್ನೂ ಹೊರಬಲ್ಲದೆಂದು ಬೇಗನೆ ಗೊತ್ತಾಯಿತು. ಲಂಡನ್ನಿಗೆ ಹೋಗುವ ಹಡಗುಗಳು ಥೇಮ್ಸ್ ನದಿಯ ಮುಖದಲ್ಲಿ ಹಾಯಬೇಕಾದ ಮರಳುದಿಬ್ಬಗಳಲ್ಲಿ ಮ್ಯಾಪ್ಲಿನ್ ಎಂಬುದೊಂದು. ಕಲ್ಲಿನ ದೀಪಸ್ತಂಭಕ್ಕೆ ಬಂಡೆಯ ತಳಹದಿ ಬೇಕು. ಅಲ್ಲಿ ಮರಳಲ್ಲದೆ ಬೇರೇನೂ ಇಲ್ಲ. ಇಂಗ್ಲೆಂಡಿನ ದೀಪಸ್ತಂಭಗಳ ಆಡಳಿತವನ್ನು ನೋಡಿಕೊಳ್ಳುವ ಟ್ರಿನಿಟಿ ಹೌಸ್ ಸಂಸ್ಥೆಯು 1838ರಲ್ಲಿ ಅಲ್ಲಿ ಮಿಚೆಲನ ತಿರುಪುಗಳನ್ನು ಪರೀಕ್ಷಿಸಿತು. ಎಂಟು ಮೂಲೆಗಳಲ್ಲಿ ಎಂಟು, ನಡುವೆ ಒಂದು, ಹೀಗೆ ಒಂಬತ್ತು ಕಬ್ಬಿಣದ ದಂಡಗಳು. ಪ್ರತಿಯೊಂದರ ದಪ್ಪ 5 ಅಂಗುಲ, ತುದಿಯ ಅಲಗಿನ ಅಗಲ 4 ಅಡಿ. ತೆಪ್ಪದ ಮೇಲೆ ಅಡ್ಡಮರಗಳುಳ್ಳ ತಿರುಗಣೆಯನ್ನು ಇಟ್ಟು, ಗಾಣದ ಎತ್ತುಗಳಂತೆ ಆಳುಗಳು ಅದನ್ನು ತಳ್ಳುತ್ತ ಸುತ್ತಿದರು. ದಂಡಗಳು ಮರಳಿನಲ್ಲಿ 22 ಅಡಿಗಳಷ್ಟು ಇಳಿದುವು. ಆ ಮೇಲೆ ಎರಡು ವರ್ಷ ಅವುಗಳನ್ನು ಸುಮ್ಮನೆ ಬಿಟ್ಟರು. ಬಿರುಗಾಳಿಗೂ ಅಲೆಗೂ ಅವು ಕದಲಲಿಲ್ಲವೆಂದು ಕಂಡ ಮೇಲೆ ಮೇಲಣ ಕಟ್ಟಡವನ್ನು ಕಟ್ಟಿ 1841ರಲ್ಲಿ ದೀಪವನ್ನು ಹಚ್ಚಿದರು. ಇಷ್ಟರಲ್ಲಿ ಅದೇ ಬಗೆಯ ಇನ್ನೊಂದು ಸ್ತಂಭವು ಇಂಗ್ಲೆಂಡಿನ ಪಶ್ಚಿಮ ತೀರದ ಫ್ಲೀಟ್‌ವುಡ್ಡಿನ ಬಳಿ 1840ರಲ್ಲಿಯೇ ಮುಗಿದುದರಿಂದ, ಬೆಳಕು ಕೊಟ್ಟ ಮೊದಲನೆಯದೆಂಬ ಕೀರ್ತಿ ಅದಕ್ಕೆ ಸಂದಿತು.

ಮಿಚೆಲನು ಮನೆಯಲ್ಲಿ ಕುಳಿತು ಕೆಲಸ ಮಾಡಿಸಿದವನಲ್ಲ. ದೋಣಿಯಲ್ಲಿ ಹೋಗಿ, ಏಣಿಗಳನ್ನು ಹತ್ತಿ, ಕಬ್ಬಿಣದ ಬೆಸುಗೆಯನ್ನು ಕೈಯಿಂದ ತಡವಿ ಪರೀಕ್ಷಿಸುತ್ತಿದ್ದನು. ದಕ್ಷಿಣ ಐರ್ಲೆಂಡಿನ ಕೋವ್ ಬಂದರಿನಲ್ಲಿ ಆತನು ಕಟ್ಟಿಸಿದ ದೀಪಸ್ತಂಭವು ಇಂದಿಗೂ ನಿಂತಿದೆ. ಆ ಕೆಲಸದ ಕಾಲದಲ್ಲಿಯೇ ಕಾರ್ಕ್ ನಗರದಲ್ಲಿ ಗಣಿತದ ಅಧ್ಯಾಪಕನಾಗಿದ್ದ, ತರ್ಕಶಾಸ್ತ್ರವನ್ನು ಬೀಜಗಣಿತದ ಕ್ರಮಕ್ಕೆ ತಂದ ಜಾರ್ಜ್ ಬೂಲನ ಸ್ನೇಹವು ಆತನಿಗೆ ದೊರೆಯಿತು. 1848ರಲ್ಲಿ ಲಂಡನ್ನಿನ ಇಂಜಿನಿಯರುಗಳ ಸಂಸ್ಥೆಯು ಆತನಿಗೆ ಟೆಲ್‌ಫೋರ್ಡ್ ಪದಕವನ್ನು ಕೊಟ್ಟು ಗೌರವಿಸಿತು. 1868ರಲ್ಲಿ ಬೆಲ್‌ಫಾಸ್ಟಿನ ಬಳಿ ತನ್ನ 88ನೆಯ ವರ್ಷದಲ್ಲಿ ತೀರಿಕೊಂಡನು. ನಮ್ಮ ದೇಶಕ್ಕೂ ಆತನ ತಿರುಪು ಬಂದಿತು: 19ನೆಯ ಶತಮಾನದ ಮಧ್ಯದಲ್ಲಿ ಮುಂಬಯಿ-ಬರೋಡಾ ರೈಲುಮಾರ್ಗದ ಸೇತುವೆಗಳಿಗೂ, ಮದರಾಸಿನ ಸಮುದ್ರದೊಳಕ್ಕೆ ಚಾಚಿದ್ದ ಕಬ್ಬಿಣದ ಕಟ್ಟೆಗೂ ಅದೇ ಆಧಾರವಾಗಿದ್ದಿತು. ಮ್ಯಾಪ್ಲಿನ್ ದೀಪಸ್ತಂಭವು ಮಾತ್ರ ಈಗ ಇಲ್ಲ. ಅದರ ಸುತ್ತಣ ಮರಳನ್ನು ಪ್ರವಾಹವು ವರ್ಷವರ್ಷಕ್ಕೂ ಕೊರೆದು 1932ರಲ್ಲಿ ಅದನ್ನು ಕೆಡವಿಹಾಕಿತು. ಗೂಟವು ಎಷ್ಟೇ ಬಲವಾದುದಾದರೂ ಹಿಡಿದುಕೊಳ್ಳುವುದಕ್ಕೆ ಮಣ್ಣು ಇದ್ದರೆ ತಾನೆ!

ಸಮುದ್ರದ ಮಾತು ಹಾಗಿರಲಿ. ಮನೆಯಂಗಳಕ್ಕೆ ಇದರಿಂದ ಏನು ಪ್ರಯೋಜನವೆಂದು ನಮ್ಮ ಸೋದರಿಯರು ಕೇಳಬಹುದು. ನಾವು ಕೆಲಸದಲ್ಲಿದ್ದ ಒಂದು ಊರಿನಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ತಗಡಿನ ಮತ್ತು ಬಟ್ಟೆಯ ಚಪ್ಪರವನ್ನು ಹಾಕಿಸಿದ್ದರು. ಚಪ್ಪರದವರು ಎರಡು ದಿನ ಮುಂಚೆ ಒಣ ಎರೆಮಣ್ಣಿನಲ್ಲಿ ಹೊಡೆದ ಗೂಟಗಳು ಕಲ್ಲಿನಂತೆ ನಿಂತಿದ್ದುವು. ಉತ್ಸವದ ಹಿಂದಿನ ರಾತ್ರಿ ಮಳೆ ಬಂದಿತು. ಮಧ್ಯಾಹ್ನ ಗಾಳಿ ಎದ್ದಿತು. ಸಾಲಾಗಿ ಒಂದಾದ ಮೇಲೊಂದು ಗೂಟ ಕಿತ್ತು, ಚಪ್ಪರದ ಒಂದು ಪಕ್ಕವು ಹಾವಿನ ಹೆಡೆಯಂತೆ ಮೇಲಕ್ಕೆದ್ದು, ಪಕ್ಕದ ಕಂಬವು ಕೆಳಗೆ ಬಿದ್ದು ಐದನೆಯ ತರಗತಿಯ ಹುಡುಗನೊಬ್ಬನ ಮುಂಗೈ ಮುರಿಯಿತು. ಕಂಬವು ಒಂದು ಮೊಳ ಈಚೆಗೆ ಬಿದ್ದಿದ್ದರೆ ಏನಾಗುತ್ತಿದ್ದಿತೆಂಬುದನ್ನು ನಾವು ಇಲ್ಲಿ ಬರೆಯಲು ಇಚ್ಛಿಸುವುದಿಲ್ಲ. ದೈವಯೋಗವೆಂದು ಎಲ್ಲರೂ ಹೇಳಿದರು. ದೈವದ ಪಾಲು ಎಷ್ಟೋ ತಿಳಿಯದು. ಲೆಕ್ಕದ ಪಾಲನ್ನು ಮಾತ್ರ ನಾವು ಹೇಳಬಲ್ಲೆವು.

10 ಅಡಿ ಅಗಲ, 20 ಅಡಿ ಉದ್ದದ ಚಪ್ಪರವೆಂದರೆ ಸುಮಾರು 18 ಚದರ ಮೀಟರು. ಗಂಟೆಗೆ 72 ಕಿಲೋಮೀಟರು ವೇಗದ ಗಾಳಿಯ ಒತ್ತಡವು ಚದರ ಮೀಟರಿಗೆ ಸುಮಾರು 24 ಕಿಲೋ. ಆ ಒತ್ತಡವೆಲ್ಲ ಚಪ್ಪರವನ್ನು ಮೇಲಕ್ಕೆತ್ತುವಂತೆ ಹತ್ತಿದರೆ ಒಟ್ಟು ಸುಮಾರು 440 ಕಿಲೋ. ಗಾಳಿಯ ವೇಗವು ಒಂದೂವರೆಪಟ್ಟಾದರೆ ಎತ್ತುವ ಬಲವು ಒಂದೂವರೆಪಟ್ಟಲ್ಲ, ಎರಡೂಕಾಲುಪಟ್ಟಾಗಿ 990 ಕಿಲೋವಿಗೆ ಏರುವುದು. ಆರು ಗೂಟಗಳಿದ್ದರೆ ತಲಾ 165 ಕಿಲೋ. ಗಾಳಿಯು ಎಲ್ಲವನ್ನೂ ಸಮವಾಗಿ ಎಳೆಯುವಷ್ಟು ನ್ಯಾಯವಂತನಲ್ಲವಾದುದರಿಂದ ಒಂದೊಂದಕ್ಕೆ ಇದರ ಎರಡರಷ್ಟನ್ನಾದರೂ ತಡೆಯುವ ಶಕ್ತಿಯಿರಬೇಕು.

ಈಗ ತಿರುಪುಗೂಟದ ಕಡೆಯ ಲೆಕ್ಕ. ಅಲಗಿನ ಅಗಲ 15 ಸೆಂಟಿಮೀಟರು, ಎಂದರೆ ಅರ್ಧ ಅಡಿ. ಇಳಿಸಿದ ಆಳ 90 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಅಲಗಿನ ನೇರಕ್ಕೆ ಮೇಲಿರುವ ಮಣ್ಣಿನ ಕಂಬವನ್ನು ತೂಗಿದರೆ 27 ಕಿಲೋ ಮಾತ್ರ. ಇಷ್ಟರಿಂದ ಏನಾದೀತೆಂದು ಅನ್ನಿಸುವುದು. ಆದರೆ ಎಳೆದಾಗ ಆ ಕಂಬವೊಂದೇ ಮೇಲೇಳಲಾರದು. ಅಕ್ಕಪಕ್ಕದ ಮಣ್ಣು ಅದಕ್ಕೆ ಅಂಟಿಕೊಂಡಿರುವುದರಿಂದ, ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿ, ಆಲಿಕೆಯ ಆಕಾರದ ಮಣ್ಣಿನ ರಾಶಿಯೇ ಒಟ್ಟಿಗೆ ಏಳಬೇಕು. ಆ ಆಲಿಕೆಯ ಪಕ್ಕಗಳು 20 ಅಂಶಗಳಷ್ಟು ಓರೆಯಾಗಿವೆಯೆಂದು ಎಣಿಸಿದರೆ ರಾಶಿಯ ತೂಕ ಸುಮಾರು 315 ಕಿಲೋ. ಅದೇ ಗೂಟವನ್ನು ಅರ್ಧದಷ್ಟು ಆಳಕ್ಕೆ, 45 ಸೆಂಟಿಮೀಟರಿಗೆ, ಮಾತ್ರ ಇಳಿಸಿದರೆ 65 ಕಿಲೋ. ಆಳವು ಎರಡರಷ್ಟಾದರೆ ಹಿಡಿತವು ಸುಮಾರು ಐದರಷ್ಟಾಗುವುದೆಂಬ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟರೆ, ಕೊನೆಯ ನಾಲ್ಕು ಸುತ್ತುಗಳನ್ನು ಬೇಸರಿಸಿ ಬಿಡುವವರು ಎಷ್ಟನ್ನು ಬಿಟ್ಟಂತಾಯಿತೆಂಬುದು ತಿಳಿಯುವುದು. ಇದು ಸ್ಥೂಲವಾದ ಲೆಕ್ಕ. ಮಣ್ಣಿನ ಘರ್ಷಣೆಯನ್ನು ಇದರಲ್ಲಿ ಸೇರಿಸಿಲ್ಲ. ಹಾಗೆಯೇ ಮಣ್ಣು ನೀರಿನಲ್ಲಿ ಮುಳುಗಿದರೆ ಅದರ ತೂಕದ ಫಲವು ಸುಮಾರು ಅರ್ಧಕ್ಕೆ ಇಳಿಯುವುದೆಂಬುದನ್ನೂ ಮರೆಯಬಾರದು.

ಗೂಟವನ್ನು ಮಾಡಿಸುವ ಕ್ರಮವು ಕಷ್ಟವಾದುದಲ್ಲ. ದಪ್ಪ ಉಕ್ಕಿನ ತಗಡಿನಿಂದ ದುಂಡನೆಯ ಬಿಲ್ಲೆಯನ್ನು ಕತ್ತರಿಸಿ, ನಡುವೆ ದಂಡಕ್ಕೆ ರಂಧ್ರವನ್ನು ಮಾಡಿ, ಅಂಚಿನಿಂದ ರಂಧ್ರದವರೆಗೆ ಒಂದು ಸೀಳನ್ನು ಹಾಕಬೇಕು. ಕುಲುಮೆಯಲ್ಲಿ ಕಾಯಿಸಿ, ಸೀಳಿನ ಎರಡು ತುಟಿಗಳಲ್ಲಿ ಒಂದನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ, ನಡುವೆ ಸುಮಾರು 3 ಅಂಗುಲ ಬರುವಂತೆ ಎಳೆದರೆ ಒಂದು ಸುತ್ತಿನ ತಿರುಪಾಯಿತು. ಆ 3 ಅಂಗುಲವೇ ತಿರುಪಿನ ಹೆಜ್ಜೆ. ಒಂದು ಸುತ್ತಿಗೆ ಗೂಟವು ಅಷ್ಟು ಕೆಳಗಿಳಿಯಬೇಕು. ಕೆಳಗಣ ತುಟಿಯನ್ನು ಮಸೆದು ಚೂಪು ಮಾಡಬೇಕು. ಅಲಗು ಎಲ್ಲಿಯೂ ಉಬ್ಬುತಗ್ಗಿಲ್ಲದೆ ಒಂದೇ ಹದದಲ್ಲಿ ಏರುವಂತಿರಬೇಕು. ಅಂಕುಡೊಂಕಾದ ಅಲಗು ಮಣ್ಣನ್ನು ಸೀಳದೆ ಉಳುವುದು. ಉತ್ತ ಮಣ್ಣಿಗೆ ಹಿಡಿತವಿಲ್ಲ. ಅಲಗನ್ನು ದಂಡಕ್ಕೆ ಕೆಳಗೂ ಮೇಲೂ, ಎರಡು ಮಗ್ಗುಲಲ್ಲಿಯೂ ಬೆಸೆಯುವುದು ಅವಶ್ಯ.

ದಂಡದ ವಿಷಯದಲ್ಲಿ ಒಂದು ಮಾತು. ಕೇವಲ ಎಳೆತವನ್ನು ತಡೆಯುವುದಕ್ಕಾದರೆ ಬೆರಳಿನಷ್ಟು ದಪ್ಪದ ಉಕ್ಕು ಸಾಕು. ಆದರೆ ಗೂಟವನ್ನು ಇಳಿಸುವಾಗಲೂ ತೆಗೆಯುವಾಗಲೂ ದಂಡವು ತಿರುಚನ್ನು ಸಹಿಸಬೇಕು. ತೆಳುವಾದ ದಂಡವು ಜಿಲೇಬಿಯ ಹಿಟ್ಟಿನಂತೆ ಹೆಣೆದುಕೊಳ್ಳುವುದು. ಪೇಟೆಯಲ್ಲಿ ಸಿಕ್ಕುವ ಅಗ್ಗದ ತಿರುಪುಗೂಟಗಳ ದೋಷವು ಬಹುಮಟ್ಟಿಗೆ ಇಲ್ಲಿಯೇ. ಅವು ಮೊದಲ ಸಲ ಇಳಿಯುವುವು. ಮೂರನೆಯ ಸಲಕ್ಕೆ ದಂಡವು ತಿರುಚಿರುವುದು. ಮರಳಿ ಮರಳಿ ಬಳಸಬೇಕೆನ್ನುವ ಗೂಟಕ್ಕೆ ದಂಡದಲ್ಲಿ ಜಿಪುಣತನ ಸಲ್ಲದು. ದಂಡವು ಉದ್ದವಾಗಬೇಕೆಂದು ಎರಡು ತುಂಡುಗಳನ್ನು ಜೋಡಿಸುವವರು ಆ ಜೋಡಣೆಯನ್ನು ತಿರುಪಿನಿಂದ ಮಾಡದಿರಲಿ: ಇಳಿಸುವಾಗ ಬಿಗಿಯಾಗುವ ಜೋಡಣೆಯು ತೆಗೆಯಲು ಹಿಂದಕ್ಕೆ ತಿರುಗಿಸಿದೊಡನೆ ತಾನೇ ಬಿಚ್ಚಿಕೊಂಡು, ಮೇಲಣ ತುಂಡು ಕೈಗೂ ಕೆಳಗಣ ತುಂಡು ಪಾತಾಳಕ್ಕೂ ಸೇರುವುದು. ಅಡ್ಡವಾಗಿ ತೂರಿಸಿದ ಬೋಲ್ಟೇ ಯೋಗ್ಯ. ಮೇಲ್ತುದಿಯಲ್ಲಿ ಹಾರೆ ತೂರುವಷ್ಟು ದೊಡ್ಡ ಬಳೆಯಿದ್ದರೆ ಅದೇ ಸುತ್ತುವುದಕ್ಕೂ ಹಗ್ಗವನ್ನು ಕಟ್ಟುವುದಕ್ಕೂ ಆಗುವುದು. ಕೊನೆಯಲ್ಲಿ ಇಡೀ ಗೂಟಕ್ಕೆ ಕಾದ ಸತುವಿನ ಲೇಪವನ್ನು ಕೊಡಿಸಿದರೆ ತುಕ್ಕಿನ ಭಯ ಕಡಮೆ.

ಇಳಿಸುವುದೂ ಒಂದು ವಿದ್ಯೆ. ಮೊದಲು ಆ ಸ್ಥಳದಲ್ಲಿ ನೀರಿನ ಕೊಳವೆಯಾಗಲಿ ವಿದ್ಯುತ್ತಿನ ತಂತಿಯಾಗಲಿ ಹೂತಿಲ್ಲವೆಂಬುದನ್ನು ಖಚಿತಮಾಡಿಕೊಳ್ಳಬೇಕು. ಹಾರೆಯ ಎರಡು ತುದಿಗಳನ್ನು ಇಬ್ಬರು ಹಿಡಿದು, ಮೈಭಾರವನ್ನು ಕೆಳಕ್ಕೆ ಕೊಡುತ್ತ ನಿಧಾನವಾಗಿ ಸುತ್ತಬೇಕು. ಒಂದು ಸುತ್ತಿಗೆ ಒಂದು ಹೆಜ್ಜೆ ಇಳಿಯುತ್ತಿದೆಯೇ ಎಂದು ದಂಡದ ಮೇಲೆ ಗುರುತು ಹಾಕಿ ನೋಡುತ್ತಿರಬೇಕು. ಸುತ್ತುತ್ತಿದೆ, ಇಳಿಯುತ್ತಿಲ್ಲ ಎಂದರೆ ಒಳಗೆ ಮಜ್ಜಿಗೆ ಕಡೆಯುವ ಕೆಲಸ ನಡೆಯುತ್ತಿದೆಯೆಂದು ಅರ್ಥ. ಕಡೆದ ಮಣ್ಣು ಹಿಡಿಯುವುದಿಲ್ಲ. ಕಲ್ಲು ಸಿಕ್ಕಿದರೆ ಬಲಪ್ರಯೋಗ ಮಾಡದೆ ಎರಡಡಿ ಆಚೆಗೆ ಸರಿಯುವುದು ಲೇಸು. ಗಟ್ಟಿಯಾದ ಗೊರಸು ನೆಲದಲ್ಲಿ ತಿರುಪುಗೂಟದ ಆಟ ನಡೆಯುವುದಿಲ್ಲ. ಅಲ್ಲಿ ಹಳೆಯ ಕಬ್ಬಿಣದ ಗೂಟವೇ ಗತಿ.

ಸುತ್ತುವ ಕೈಗೆ ಆಗುವ ಆಯಾಸದಲ್ಲಿ ಒಂದು ಶಾಸ್ತ್ರವಿದೆ. ಮಣ್ಣು ಎಷ್ಟು ಗಟ್ಟಿಯೋ ತಿರುಗಿಸುವುದು ಅಷ್ಟು ಕಷ್ಟ. ತಿರುಗಿಸುವುದು ಎಷ್ಟು ಕಷ್ಟವೋ ಹಿಡಿತವೂ ಅಷ್ಟು ಹೆಚ್ಚು. ಈಗಿನ ಇಂಜಿನಿಯರುಗಳು ಇದನ್ನು ಸೂತ್ರಕ್ಕೆ ತಂದಿರುವರು: ತೆಳುವಾದ ಚೌಕದಂಡದ ಗೂಟಗಳಲ್ಲಿ, ಕೊನೆಗೆ ಬೇಕಾದ ತಿರುಚು ಬಲವನ್ನು ಅಡಿ-ಪೌಂಡುಗಳಲ್ಲಿ ಅಳೆದು 10ರಿಂದ ಗುಣಿಸಿದರೆ ಗೂಟವು ಕಿತ್ತುಬರುವ ಎಳೆತವು ಪೌಂಡುಗಳಲ್ಲಿ ದೊರೆಯುವುದು. ಕಿಲೋ ಮತ್ತು ಮೀಟರುಗಳ ಲೆಕ್ಕದಲ್ಲಿ ಗುಣಕವು ಸುಮಾರು 33. ಇಬ್ಬರು ನಡುವಿನಿಂದ ಮುಕ್ಕಾಲು ಮೀಟರು ದೂರದಲ್ಲಿ ಹಾರೆಯನ್ನು ಹಿಡಿದು ತಲಾ 20 ಕಿಲೋ ಬಲದಿಂದ ತಳ್ಳಬೇಕಾಯಿತೆಂದರೆ ತಿರುಚು 30. ಅದರ 33ರಷ್ಟು 990 ಕಿಲೋ. ಅದರಲ್ಲಿ ಅರ್ಧವನ್ನು ಮಾತ್ರ ನಂಬಬೇಕು. ಅಲಗು ತನ್ನ ಅಗಲದ ಐದಾರರಷ್ಟು ಆಳಕ್ಕೆ ಹೋಗಿದ್ದರೆ ಮಾತ್ರ ಈ ಸೂತ್ರವನ್ನು ಪರಿಗಣಿಸಬಹುದು. ಹಿಂದೆ ಹೇಳಿದ ಆಲಿಕೆಯ ಲೆಕ್ಕವು ಕಡಮೆಯಾಗಿ ಬಂದರೆ ಮನೆಯವರು ಆ ಕಡಮೆಯದನ್ನೇ ಅಂಗೀಕರಿಸುವುದು ಕ್ಷೇಮ. ಆದರೂ ಕಾಣದ ನೆಲದ ಗುಣವನ್ನು ಸುತ್ತುವ ಕೈಯೇ ತಿಳಿಸುವುದೆಂಬುದು ನಮಗೆ ಬಹಳ ಸೊಗಸಾಗಿ ತೋರುವುದು. ಮಿಚೆಲನಂತಹ ಮನುಷ್ಯನಿಗೆ ಈ ಸಾಧನವು ಹೊಳೆದುದರಲ್ಲಿ ಆಶ್ಚರ್ಯವಿಲ್ಲ. ಆರು ಗೂಟಗಳಲ್ಲಿ ಐದು ಕಷ್ಟದಿಂದ ಇಳಿದು ಒಂದು ಸಲೀಸಾಗಿ ಇಳಿದರೆ ಆ ಒಂದನ್ನು ತೆಗೆದು ಬೇರೆ ಕಡೆ ಹಾಕಿರಿ. ನಾವು ಹೇಳಿದ ಉತ್ಸವದ ಚಪ್ಪರದಲ್ಲಿ ಮೊದಲು ಕಿತ್ತದ್ದು ಒಂದೇ ಗೂಟ. ಅದರ ಪಾಲಿನ ಎಳೆತವು ಪಕ್ಕದವುಗಳ ಮೇಲೆ ಬಿದ್ದುದರಿಂದ ಉಳಿದವು ಕಿತ್ತುವು.

ಯಾವ ಓರೆಯಲ್ಲಿ ಹಾಕಬೇಕೆಂಬುದರಲ್ಲಿ ಅನೇಕರಿಗೆ ಭ್ರಾಂತಿಯಿದೆ. ಸಾಮಾನ್ಯ ಗೂಟವನ್ನು ಹಗ್ಗಕ್ಕೆ ಅಡ್ಡಲಾಗಿ, ತಲೆಯು ಚಪ್ಪರದಿಂದ ಆಚೆಗೆ ವಾಲುವಂತೆ ಹೊಡೆಯುವರು. ಅದು ಸರಿ, ಏಕೆಂದರೆ ಅದರ ಬಲವು ಮಗ್ಗುಲಿನ ಮಣ್ಣಿನಲ್ಲಿದೆ. ತಿರುಪುಗೂಟದ ಬಲವು ತುದಿಯ ಅಲಗಿನಲ್ಲಿದೆ. ಆದುದರಿಂದ ಅದನ್ನು ಹಗ್ಗವು ಬರುವ ನೇರಕ್ಕೇ, ಹಗ್ಗದ ಮುಂದುವರಿದ ಭಾಗವೇ ನೆಲದೊಳಗೆ ಹೋದಂತೆ, ಇಳಿಸಬೇಕು. ನೆಟ್ಟಗೆ ಇಳಿಸಿ ಓರೆಯಾಗಿ ಎಳೆದರೆ ದಂಡವು ಮೇಲ್ಮಣ್ಣನ್ನು ಕೊಯ್ದುಕೊಂಡು ಬಾಗುವುದು. ಬಾಗಿದ ದಂಡವು ಮತ್ತೆ ಸುತ್ತುವುದಿಲ್ಲ. ಹಿಡಿತವೂ ಹೋಯಿತು, ಬಿಡುಗಡೆಯೂ ಹೋಯಿತು.

ಎರೆಮಣ್ಣಿನ ಸೀಮೆಯವರಿಗೆ ವಿಶೇಷವಾಗಿ ಹೇಳಬೇಕಾದುದಿದೆ. ಆ ಮಣ್ಣು ಬೇಸಗೆಯಲ್ಲಿ ಕುಗ್ಗಿ ಬಿರಿಯುವುದು, ಮಳೆಯಲ್ಲಿ ಉಬ್ಬಿ ಮೆತ್ತಗಾಗುವುದು. ಬಿರುಕುಗಳಿರುವ ಮೇಲ್ಪದರದಲ್ಲಿಯೇ ಅಲಗು ನಿಂತರೆ ಅದನ್ನು ನಂಬುವಂತಿಲ್ಲ. ಒಣಗಿದ್ದಾಗ ಸುತ್ತಿದ ಕೈಗೆ ದೊರೆತ ಬಿಗಿಯು ಮೊದಲ ಮಳೆಗೆ ಸುಳ್ಳಾಗುವುದು. ಇನ್ನೂ ಉದ್ದದ ದಂಡದಿಂದ ಬಿರುಕಿನ ಕೆಳಗಣ, ವರ್ಷವೆಲ್ಲ ತೇವವು ಹೆಚ್ಚು ಬದಲಾಗದ ಮಣ್ಣನ್ನು ಮುಟ್ಟಬೇಕು. ಕೆಮ್ಮಣ್ಣಿನಲ್ಲಿ ಈ ತೊಂದರೆ ಅಷ್ಟಿಲ್ಲ. ಅದು ಒಣಗಿ ಕಲ್ಲಾಗಿದ್ದರೆ ಹಿಂದಿನ ದಿನ ಒಂದೆರಡು ಕೊಡ ನೀರನ್ನು ಹೊಯ್ದರೆ ಅಲಗಿಗೆ ದಾರಿಯಾಗುವುದು, ಆ ನೀರು ಆರಿದ ಮೇಲೆ ಹಗ್ಗವನ್ನು ಬಿಗಿಯಬೇಕು.

ತೆಗೆಯುವಾಗ ಹಾರೆಯನ್ನು ಹಾಕಿ ಮೀಟಬಾರದು, ಸರಪಳಿಯನ್ನು ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಯಬಾರದು. ಒಳಹೋದಂತೆಯೇ ಹಿಂದಕ್ಕೆ ಸುತ್ತಬೇಕು. ಇಳಿಸಿದಷ್ಟೇ ಸುತ್ತುಗಳಿಗೆ ಅದು ಹೊರಗೆ ಬರುವುದು. ಬಂದ ಮೇಲೆ ಅದೇ ರಂಧ್ರದಲ್ಲಿ ಮತ್ತೆ ಹಾಕಬಾರದು. ಅಲ್ಲಿಯ ಮಣ್ಣು ಒಮ್ಮೆ ಸೀಳಿಹೋಗಿದೆ, ಮೊದಲಿನ ಹಿಡಿತವನ್ನು ಕೊಡಲಾರದು. ಅಲಗಿನ ಅಗಲದ ನಾಲ್ಕೈದರಷ್ಟು ದೂರ ಸರಿದು ಹೊಸ ನೆಲವನ್ನು ಹಿಡಿಯಬೇಕು. ಹಳೆಯ ರಂಧ್ರಕ್ಕೆ ಮಣ್ಣನ್ನು ತುಂಬಿ ತುಳಿಯಬೇಕು, ಇಲ್ಲವಾದರೆ ಕರುವಿನ ಕಾಲು ಅದರಲ್ಲಿ ಸಿಕ್ಕೀತು. ಗೂಟವನ್ನು ತೊಳೆದು ಒರಸಿ, ಅಲಗಿನ ಬೆಸುಗೆಯಲ್ಲಿ ಬಿರುಕಿದೆಯೇ, ದಂಡವು ತಿರುಚಿದೆಯೇ, ನೆಲಕ್ಕೂ ಗಾಳಿಗೂ ನಡುವೆ ನಿಂತಿದ್ದ ಭಾಗದಲ್ಲಿ ತುಕ್ಕು ಹಿಡಿದಿದೆಯೇ ಎಂದು ನೋಡಿರಿ. ಮೊದಲು ಸವೆಯುವುದು ಆ ಭಾಗವೇ. ಬಿರುಕು ಕಂಡ ಗೂಟಕ್ಕೆ ಸುಣ್ಣದಿಂದ ಗುರುತು ಹಾಕಿ ಬೇರೆಯಾಗಿ ಇಡಿರಿ. ಬಟ್ಟೆಯ ತಂತಿಗೆ ಅದು ಇನ್ನೂ ಹಲವು ವರ್ಷ ಬಂದೀತು. ಚಪ್ಪರಕ್ಕೆ ಮಾತ್ರ ಬೇಡ.